ನಿಗಾರ್ ನೋಡದೆ ಸಾರಿದ ಸಿನಿಮಾ

ಮಾನ್ವಿಯಲ್ಲಿ ನಿಗಾರಳ ಮುಖ ಕಂಡವರಿಗಿಂತ ಅವಳ ದನಿ ಕೇಳಿದವರೇ ಹೆಚ್ಚು. ಸಂತೆಯಲ್ಲಿ ಅವಳು ಬಾಯಿಬಿಟ್ಟು "ಬದನಿಕಾಯಿ ಹ್ಯಾಂಗ ಕೊಟ್ಟೀರಿ" ಎಂದರೆ ಸಾಕು, ಕಾಯಿಪಲ್ಲೆಯಾಕೆ ತಕ್ಕಡಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, "ಯವ್ವಾ, ಮೈಕಿನಾಕಿ ನೀನಾ?" ಎಂದು ತಲೆ ಎತ್ತುತ್ತಿದ್ದಳು. ಆಮೇಲೆ ಎರಡು ಕಾಯಿ ಹೆಚ್ಚಿಗೆ ಬೀಳುತ್ತಿದ್ದವು. ಜೊತೆಗೆ, "ನಳಕ್ಕ ನೀರು ನಾಳಿಗೆ ಬರ್ತಾವೋ ನಾಡಿದ್ದೋ?" ಎಂಬ ಪ್ರಶ್ನೆಯೂ. ನೀರು ಬಿಡುವವನಿಗೇ ಗೊತ್ತಿಲ್ಲದ್ದು ನಿಗಾರಳಿಗೆ ಗೊತ್ತಿರುತ್ತದೆ ಎಂದು ಊರು ನಂಬಿತ್ತು.

ಗಂಡ ಮುಷರ್ರಫ್ ಆಟೋ ಓಡಿಸುತ್ತಿದ್ದ. ಆಟೋದ ನೆತ್ತಿಯ ಮೇಲೆ ಎರಡು ಲೌಡ್‌ಸ್ಪೀಕರ್, ಹಿಂದಿನ ಸೀಟಿನಲ್ಲಿ ಮೈಕು ಹಿಡಿದ ನಿಗಾರ್, ಅವಳ ತೊಡೆಯ ಮೇಲೆ ಎರಡೂವರೆ ವರ್ಷದ ಮಗಳು ತಮನ್ನಾ. ಬಟ್ಟೆ ಅಂಗಡಿಯ ರಿಯಾಯಿತಿ, ಕರೆಂಟು ಇರದ ದಿನ, ತಪ್ಪಿಸಿಕೊಂಡ ಎಮ್ಮೆ, ಥಿಯೇಟರಿಗೆ ಬಂದ ಹೊಸ ಸಿನಿಮಾ, ಪೋಲಿಯೊ ಹನಿ, ಎಲ್ಲವನ್ನೂ ಅವಳ ಬಾಯಿಂದಲೇ ಊರು ಕೇಳುತ್ತಿತ್ತು. ಬೇರೆ ಪ್ರಚಾರದ ಆಟೋದವರು ಒಮ್ಮೆ ರೆಕಾರ್ಡ್ ಮಾಡಿಸಿದ್ದನ್ನೇ ದಿನವಿಡೀ ತಿರುಗಿಸುತ್ತಿದ್ದರು. ನಿಗಾರ್ ಹಾಗಲ್ಲ. ಓಣಿ ಬದಲಾದಂತೆ ಮಾತು ಬದಲಿಸುತ್ತಿದ್ದಳು. ಮಸೀದಿಯ ಓಣಿಯಲ್ಲಿ ಮನೆಮಾತಾದ ದಖನಿ, ಆಂಧ್ರದ ರೈತರ ಕ್ಯಾಂಪುಗಳಲ್ಲಿ ತೆಲುಗು, ಉಳಿದ ಕಡೆ ಕನ್ನಡ. ಬಾಣಂತಿ ಇರುವ ಮನೆ ಬಂದರೆ ದನಿ ತಗ್ಗಿಸಿ ದಾಟಿಹೋಗುತ್ತಿದ್ದಳು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆಂಬುದು ಅವಳಿಗೆ ಹೇಗೋ ತಿಳಿದಿರುತ್ತಿತ್ತು.

ಈ ಕೆಲಸ ಅವಳಿಗೆ ತಂದೆ ಅಲ್ಲಾಬಕ್ಷ್ ಅವರಿಂದ ಬಂದದ್ದು. ಅವರು ಮೊದಲು ಟಾಂಗಾದಲ್ಲಿ, ಆಮೇಲೆ ಆಟೋದಲ್ಲಿ, ಒಟ್ಟು ನಲವತ್ತು ವರ್ಷ ಮಾನ್ವಿಯಿಂದ ದೇವದುರ್ಗದವರೆಗೆ ಸಾರಿದವರು. ಸಾರುವುದಕ್ಕೆ ಅವರದೊಂದು ನೇಮವಿತ್ತು. ತಾನು ನೋಡದ್ದನ್ನು ಸಾರುತ್ತಿರಲಿಲ್ಲ, ಸಾರಿದ್ದಕ್ಕೆ ಕೊನೆಯಲ್ಲಿ ಹೆಸರು ಹಾಕದೆ ಬಿಡುತ್ತಿರಲಿಲ್ಲ. "ಕಣ್ಣಾರೆ ನೋಡಿ ಹೇಳಾಕತ್ತೀನಿ, ನಾನು ಮಾನ್ವಿ ಅಲ್ಲಾಬಕ್ಷ್." ಸಿನಿಮಾದ ರೀಲಿನ ಡಬ್ಬಿ ರಾಯಚೂರಿನಿಂದ ಬಸ್ಸಿನ ಮೇಲೆ ಬರುತ್ತಿದ್ದ ಕಾಲದಲ್ಲಿ ಹಿಂದಿನ ದಿನವೇ ಖಾಲಿ ಥಿಯೇಟರಿನಲ್ಲಿ ಅವರೊಬ್ಬರಿಗೇ ಸಿನಿಮಾ ಬಿಡುತ್ತಿದ್ದರಂತೆ. ಅದು ಚೆನ್ನಾಗಿಲ್ಲದಿದ್ದರೆ "ಹಾಡು ಚೊಲೊ ಅದಾವ" ಎಂದಷ್ಟೇ ಸಾರಿ ಸುಮ್ಮನಾಗುತ್ತಿದ್ದರು. ಜನ ಅರ್ಥಮಾಡಿಕೊಂಡು, ಹಾಡು ಬೇಕಾದವರು ಮಾತ್ರ ಹೋಗುತ್ತಿದ್ದರು.

ಮೂರು ವರ್ಷದ ಹಿಂದೆ ಅಲ್ಲಾಬಕ್ಷ್ ಅವರ ಗಂಟಲಿಗೆ ಆಪರೇಷನ್ ಆಗಿ ದನಿ ಪಿಸುಮಾತಿಗೆ ಇಳಿಯಿತು. ಆಗ ತಮನ್ನಾ ಇನ್ನೂ ಹೊಟ್ಟೆಯೊಳಗಿದ್ದಳು. ಹೆಣ್ಣುಮಗಳು ಮೈಕು ಹಿಡಿದದ್ದನ್ನು ಕಂಡು ಮೊದಲ ವಾರ ಚಹಾದಂಗಡಿಯಲ್ಲಿ ನಕ್ಕರು. ತಿಂಗಳೊಳಗೆ ಅದೇ ಅಂಗಡಿಯವರು ಚಹಾ ಕೊಟ್ಟು, "ನಮ್ಮಂಗಡಿ ಹೆಸರೂ ಒಂದೀಟು ಹೇಳವಾ" ಎಂದರು. ಅಪ್ಪನ ನೇಮವನ್ನು ನಿಗಾರ್ ಒಂದಕ್ಷರ ಬದಲಿಸಲಿಲ್ಲ. ರಿಯಾಯಿತಿಯ ಸೀರೆಯನ್ನು ಬೆರಳಲ್ಲಿ ತಿಕ್ಕಿ, ಬಣ್ಣ ಬಿಡುತ್ತದೋ ಎಂದು ನೋಡಿಯೇ ಸಾರುತ್ತಿದ್ದಳು.

ಆ ಫೆಬ್ರವರಿಯ ಕೊನೆಗೆ ಶಿವರಾತ್ರಿಗೆ ಮುಂಚೆಯೇ ಬಿಸಿಲು ಏರಿತ್ತು. ಸೋಮವಾರ ಬೆಳಿಗ್ಗೆ ಥಿಯೇಟರಿನ ಮ್ಯಾನೇಜರ್ ತಿರುಪತಿ ಪೋಸ್ಟರ್ ಸುರುಳಿ ಹಿಡಿದು ಮನೆಗೆ ಬಂದ.

"ಇಂಗ್ಲಿಷ್ ಪಿಚ್ಚರ್ರೀ, ಆದ್ರ ಕನ್ನಡದಾಗ ಮಾತಾಡ್ತಾರ. ಗ್ರೀಸ್ ದೇಶದ ಪುರಾಣ ಅಂತ. ನಮ್ಮಂಗ ಅವರಿಗೂ ಇಂದ್ರ, ವರುಣ, ಯಮ ಎಲ್ಲಾ ಅದಾರಂತ. ಹೆಸರು 'ಸಿಡಿಲಿನ ಮಗ'. ಶುಕ್ರವಾರ ಬಿಡಾಕತ್ತೀವಿ."

"ನಾ ನೋಡದ ಹ್ಯಾಂಗ ಹೇಳ್ಲಿ, ಅಣ್ಣಾ?"

"ಈಗ ಡಬ್ಬಿ ಎಲ್ಲಿ ಬರ್ತಾವ ತಂಗಿ, ಶುಕ್ರವಾರ ಮುಂಜಾನಿ ಮ್ಯಾಲಿನ ಸ್ಯಾಟಲೈಟಿಂದ ಬರ್ತದ. ಪಾಸ್‌ವರ್ಡ್ ಕೊಟ್ಟಮ್ಯಾಗ ತೆರೀತದ. ರಾಯಚೂರಾಗ ಹೋದ ವಾರಾನ ಬಂದದ. ಹೋಗಿ ನೋಡಿ ಬಾ."

ಹೋಗಿ ನೋಡಿ ಬರುವುದೆಂದೇ ಅವಳು ಅಂದುಕೊಂಡಿದ್ದಳು. ಆದರೆ ಅದೇ ಮಧ್ಯಾಹ್ನ ತಮನ್ನಾಳ ಮೈ ಕೆಂಡವಾಯಿತು. ಹಾಲಲ್ಲಿ ನೆನೆಸಿದ ಚಪಾತಿಯನ್ನು ಮುಟ್ಟದೆ, ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದರೆ ಕಿತ್ತೆಸೆಯುತ್ತ, ತಾಯಿಯ ಕುತ್ತಿಗೆ ಬಿಡದೆ ಮಲಗಿತು ಕೂಸು. ಆ ಕೂಸನ್ನು ಬಿಟ್ಟು ಸಿನಿಮಾಕ್ಕೆ ಹೋಗುವ ತಾಯಿ ನಿಗಾರ್ ಅಲ್ಲ. ರಾಯಚೂರಿನಲ್ಲಿ ಮುಷರ್ರಫನ ತಮ್ಮ ಮುಕರ್ರಂ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ನಿಗಾರ್ ಅವನಿಗೆ ಫೋನು ಮಾಡಿ, ನನ್ನ ಬದಲು ನೀನು ನೋಡಿ ಹೇಳು ಎಂದಳು. ಮಂಗಳವಾರ ಮಧ್ಯಾಹ್ನದ ಆಟಕ್ಕೆ ಹೋಗಿಬಂದ ಮುಕರ್ರಂ ಸಂಜೆ ಫೋನು ಮಾಡಿದ.

"ಭಾಭಿ, ಜಬರ್ದಸ್ತ್. ಹಾವಿನ ಕೂದಲಿನ ಹೆಂಗಸು ಅದಾಳ, ಒಂದೇ ಕಣ್ಣಿನ ರಾಕ್ಷಸ ಅದಾನ, ಅರ್ಧಾ ಕುದುರಿ ಅರ್ಧಾ ಮನುಷ್ಯಾ ಅದಾನ. ಎಲ್ಲಾರ ಜೋಡಿ ಫೈಟಿಂಗ್."

"ಪೂರಾ ನೋಡಿದಿ?"

"ಪೂರಾ, ಕಸಮ್."

ಮಗಳ ಜ್ವರ ಇಳಿಯುವವರೆಗೆ ಪಕ್ಕದಲ್ಲಿ ಕುಳಿತು ನಿಗಾರ್ ಮೊಬೈಲಿನಲ್ಲಿ ಆ ದೇಶದ ಪುರಾಣಗಳನ್ನೆಲ್ಲ ಓದಿದಳು. ಓದುತ್ತ ಓದುತ್ತ ಅವಳಿಗೇ ಹುಚ್ಚು ಹಿಡಿಯಿತು. ಸಿಟ್ಟಿಗೆದ್ದರೆ ಸಮುದ್ರ ಎಬ್ಬಿಸುವ ದೇವರು, ಮಗಳು ಪಾತಾಳಕ್ಕೆ ಹೋದಳೆಂದು ಭೂಮಿಯ ಬೆಳೆಯನ್ನೇ ಒಣಗಿಸಿದ ತಾಯಿ. ಇಂಥ ಕತೆ ಇಟ್ಟುಕೊಂಡು ಯಾರಾದರೂ ಕೆಟ್ಟ ಸಿನಿಮಾ ಮಾಡಲು ಸಾಧ್ಯವೇ ಎಂದುಕೊಂಡಳು.

ಬುಧವಾರ ಕೂಸು ನಕ್ಕಿತು, ಆಟೋ ಹೊರಟಿತು.

"ಅಕ್ಕಗಳಿರಾ, ಅಣ್ಣಗಳಿರಾ, ಏಳು ಸಮುದ್ರದ ಆಚಿಗೆ ಗ್ರೀಸ್ ಅಂತೊಂದು ದೇಶ. ಅಲ್ಲಿ ಒಬ್ಬಾಕಿ. ತಲಿಮ್ಯಾಲ ಕೂದಲಲ್ಲ, ಹಾವು. ಒಂದೊಂದು ಎಳಿ ಒಂದೊಂದು ಹಾವು. ಆಕಿ ಕಣ್ಣಾಗ ಕಣ್ಣಿಟ್ಟವರು ನಿಂತಲ್ಲೇ ಕಲ್ಲು. ಹಣಿ ನಡುವ ಒಂದೇ ಕಣ್ಣಿನ ರಾಕ್ಷಸ, ಗುಡ್ಡದಷ್ಟು. ಸೊಂಟದ ಮ್ಯಾಲ ಮನುಷ್ಯಾ, ಸೊಂಟದ ಕೆಳಗ ಕುದುರಿ. ಇವರೆಲ್ಲರ ಕೂಡ ಕಾದಾಡಾಕ ಹುಟ್ಟಿದಾಂವ ಸಿಡಿಲಿನ ಮಗ. ಶುಕ್ರವಾರದಿಂದ, ನಮ್ಮ ಮಾನ್ವಿಯೊಳಗ."

ಇಲ್ಲಿಗೆ ಬಂದು ನಿಗಾರ್ ಉಸಿರು ತೆಗೆದುಕೊಂಡಳು. ಮುಷರ್ರಫ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

"ನೀ ನೋಡಿಲ್ಲಲ್ಲ," ಎಂದ ಮೆಲ್ಲಗೆ.

"ಮುಕರ್ರಂ ನೋಡ್ಯಾನಲ್ಲ. ಮನಿ ಮಂದಿ ಕಣ್ಣು ಬ್ಯಾರೆ ಏನು?"

ಆ ಕೊನೆಯ ಮಾತಿಲ್ಲದೆ ಅವಳ ಸಾರಿಕೆ ಗಂಟು ಹಾಕದ ದಾರದಂತೆ ಜಾರಿಹೋಗುತ್ತಿತ್ತು. ಮೈಕಿನ ಗುಂಡಿ ಒತ್ತಿದಳು. "ಕಣ್ಣಾರೆ ನೋಡಿ ಹೇಳಾಕತ್ತಾಕಿ, ನಾನು ಮಾನ್ವಿ ನಿಗಾರ್."

ಮಾನ್ವಿಯ ಓಣಿಗಳು, ಬಾಗಲವಾಡ, ಪೋತ್ನಾಳ. ಎರಡು ದಿನದಲ್ಲಿ ಒಕ್ಕಣ್ಣ ರಾಕ್ಷಸ ಎಲ್ಲರ ಬಾಯಲ್ಲೂ ಇದ್ದ. ಪೋತ್ನಾಳದ ಹೊರಗೆ ಮೆಣಸಿನಕಾಯಿ ಬಿಡಿಸಲು ದೇವದುರ್ಗದ ಕಡೆಯಿಂದ ಬಂದು ಹೊಲದಲ್ಲೇ ಗುಡಿಸಲು ಹಾಕಿಕೊಂಡಿದ್ದ ಹೆಂಗಸರು ಕೆಲಸ ಬಿಟ್ಟು ದಾರಿಗೆ ಬಂದು ನಿಂತು ಕೇಳಿದರು. "ಇನ್ನೊಂದು ಸಲ ಹೇಳಬೇ, ಆ ಹಾವಿನಾಕಿದು," ಎಂದು ಒಬ್ಬಳು ಕೂಗಿದಳು. ನಿಗಾರ್ ಇನ್ನೊಂದು ಸಲ ಹೇಳಿದಳು. ಕೊನೆಯ ಮಾತನ್ನೂ ಇನ್ನೊಂದು ಸಲ ಹೇಳಿದಳು.

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಥಿಯೇಟರಿನ ಮುಂದೆ ಟ್ರ್ಯಾಕ್ಟರುಗಳೇ ನಿಂತಿದ್ದವು. ನಿಗಾರ್ ಮಗಳನ್ನೆತ್ತಿಕೊಂಡು ಹೆಂಗಸರ ಸಾಲಿನಲ್ಲಿ ಹೋಗಿ ಕುಳಿತಳು. ಅವಳ ಎಡಕ್ಕೆ ಕೂತವಳು ಪೋತ್ನಾಳದ ಹೊಲದಲ್ಲಿ ಇನ್ನೊಂದು ಸಲ ಹೇಳು ಎಂದಿದ್ದವಳೇ. ಹೆಸರು ಆದೆಮ್ಮ. ಬೆರಳ ತುದಿಗಳೆಲ್ಲ ಮೆಣಸಿನಕಾಯಿಯಿಂದ ಕೆಂಪಾಗಿದ್ದವು. ಆಟೋದೊಳಗಿನ ನಿಗಾರಳ ಮುಖವನ್ನು ಅವಳು ಸರಿಯಾಗಿ ಕಂಡಿರಲಿಲ್ಲ.

ಪರದೆ ಬೆಳಗಿತು. ಬಂದೇಬಿಟ್ಟರು ಎಲ್ಲರೂ. ಹಾವಿನ ಕೂದಲಿನವಳು ಕತ್ತು ಹೊರಳಿಸಿದಳು, ಒಕ್ಕಣ್ಣ ಗುಡ್ಡದ ಹಿಂದಿನಿಂದ ಎದ್ದ, ಕುದುರೆ ಮನುಷ್ಯ ಧೂಳೆಬ್ಬಿಸಿಕೊಂಡು ಓಡಿದ. ಸೀಟಿ ಬಿದ್ದವು, ಯಾರೋ ಟವೆಲು ತೂರಿದರು. ನಿಗಾರ್ ಮಗಳ ಕಿವಿಯಲ್ಲಿ, "ದೇಖ್ ಬೇಟಾ, ಘೋಡಾ," ಎಂದಳು. ಅಷ್ಟರಲ್ಲಿ ನಾಯಕ ಬೆಚ್ಚಿ ಎದ್ದು ಕುಳಿತ. ಅದು ಅವನು ಕಂಡ ಕನಸು.

ಆಮೇಲೆ ನಾಯಕ ನಡೆಯತೊಡಗಿದ. ಅವನ ಗೆಳೆಯನೊಬ್ಬನೂ ನಡೆಯತೊಡಗಿದ. ಬೂದಿ ಬಣ್ಣದ ಬಯಲು, ಬೂದಿ ಬಣ್ಣದ ಬಟ್ಟೆ, ಬೂದಿ ಬಣ್ಣದ ಮುಖ. ನಡೆಯುತ್ತ ಇಬ್ಬರೂ ವಿಧಿಯ ಬಗ್ಗೆ ಮಾತಾಡಿದರು. ಹಾದಿಯಲ್ಲಿ ಹತ್ತು ಮಂದಿ ಅಡ್ಡಬಂದು ಹೊಡೆದಾಟವಾಯಿತು, ಆದರೆ ಅದು ಕತ್ತಲಲ್ಲಿ ಆಯಿತು. ಯಾರು ಯಾರನ್ನು ಹೊಡೆದರೆಂದು ಹೊಡೆಸಿಕೊಂಡವರಿಗೂ ತಿಳಿದಿರಲಾರದು. ಕತ್ತಲೊಳಗಿಂದ ಒಂದು ದನಿ ಬಂತು. "ಎಲೈ ಮಾನವನೇ, ನಿನ್ನ ಅಂತ್ಯವು ಸಮೀಪಿಸಿದೆ."

"ಸಮೀಪಿಸಲಿ ಲೇ, ಮೊದಲ ಲೈಟ್ ಹಾಕು," ಎಂದರು ಹಿಂದಿನ ಸಾಲಿನವರು.

ಆದೆಮ್ಮ ಪಕ್ಕಕ್ಕೆ ಬಾಗಿ, "ಆ ಹಾವಿನಾಕಿ ಯಾವಾಗ ಬರ್ತಾಳ?" ಎಂದು ಕೇಳಿದಳು. ನಿಗಾರ್ ಬರ್ತಾಳೇನೋ ಎಂಬಂತೆ ತಲೆಯಾಡಿಸಿದಳು. ಇಂಟರ್‌ವಲ್ ಬಂತು, ಹೋಯಿತು. ಇಬ್ಬರೂ ಇನ್ನೂ ನಡೆಯುತ್ತಲೇ ಇದ್ದರು. "ಒಕ್ಕಣ್ಣ ಏನ್ ಆದನ?" ಎಂದು ಮತ್ತೆ ಕೇಳಿದಳು ಆದೆಮ್ಮ. ಸುತ್ತ ಒಂದೊಂದೇ ಮೊಬೈಲು ಬೆಳಗಿದವು. ಮಕ್ಕಳು ನೀರು ಕೇಳಿದವು. ನಿಗಾರ್ ತಾನು ಸಾರಿದ ಒಂದೊಂದು ಮಾತನ್ನೂ ಪರದೆಯ ಮೇಲೆ ಹುಡುಕುತ್ತ ಕುಳಿತಿದ್ದಳು. ಯಾವುದೂ ಬರಲಿಲ್ಲ. ಕೊನೆಗೆ ಗೆಳೆಯನೇ ವೈರಿ ಎಂದು ತಿಳಿದು, ಇಬ್ಬರೂ ಕತ್ತಲಲ್ಲಿ ಹೊಡೆದಾಡಿ, ಒಬ್ಬ ಬಿದ್ದ. ಯಾರೆಂದು ಗೊತ್ತಾಗುವ ಮೊದಲೇ ತಮನ್ನಾ ಅಳತೊಡಗಿತು.

"ನಕ್ಕೊ ರೋ ಬೇಟಾ, ಆತು, ಮುಗೀತು ನೋಡು," ಎಂದಳು ನಿಗಾರ್.

ಆದೆಮ್ಮ ಸರಕ್ಕನೆ ತಿರುಗಿದಳು. ಆ ದನಿಯನ್ನು ಗುರುತಿಸಲು ಅವಳಿಗೆ ಮುಖ ಬೇಕಿರಲಿಲ್ಲ.

"ಮೈಕಿನಾಕಿ ನೀನಾ?"

"ಹೌದಕ್ಕಾ."

"ಇದನ್ನ ಕಣ್ಣಾರೆ ನೋಡಿದ್ದಿ?"

ಸುಳ್ಳು ಹೇಳಬಹುದಿತ್ತು. ನನಗೆ ಚೆನ್ನಾಗಿ ಕಂಡಿತ್ತು ಎಂದರೆ ಮುಗಿಯುತ್ತಿತ್ತು. ಆದರೆ ಆದೆಮ್ಮನ ಕಣ್ಣು ಒಂದು ಗೇಣು ದೂರದಲ್ಲಿತ್ತು.

"ಇಲ್ಲಕ್ಕಾ. ನೋಡಿರಲಿಲ್ಲ."

ಆದೆಮ್ಮ ಬೈಯಲಿಲ್ಲ. ಆಚೆ ಪಕ್ಕದವಳ ಕಡೆ ತಿರುಗಿ, "ಈಕಿ ನೋಡೇ ಇಲ್ಲಂತ," ಎಂದಳು. ಅವಳು ತನ್ನ ಪಕ್ಕದವಳಿಗೆ ಹೇಳಿದಳು. ದೀಪ ಹತ್ತುವುದರೊಳಗೆ ಸಾಲಿಗೆ ಸಾಲೇ ಎದ್ದು, ನಿಗಾರಳನ್ನು ಒಮ್ಮೆ ನೋಡಿ ಹೊರಗೆ ಹೋಯಿತು.

ಥಿಯೇಟರಿನ ಗೋಡೆಯ ನೆರಳಲ್ಲಿ ನಿಂತು ಅವಳು ಮುಕರ್ರಂಗೆ ಫೋನು ಮಾಡಿದಳು.

"ನಿನಗ ಎಲ್ಲಿಗೆ ನಿದ್ದಿ ಬಂತು, ಅದನ್ನಷ್ಟ ಹೇಳು."

"ಭಾಭಿ, ಹೊರಗ ಬಿಸಿಲು ಹ್ಯಾಂಗಿತ್ತಂತ ನಿಮಗೂ ಗೊತ್ತದ. ಒಳಗ ಏಸಿ. ಆ ಕುದುರಿ ಮನುಷ್ಯಾ ಓಡಿದ್ನಲ್ಲ, ಅಲ್ಲಿತನಕ ಎದ್ದಿದ್ದೆ."

ರಾಯಚೂರಿನ ಬಿಸಿಲಲ್ಲಿ ತಣ್ಣಗಿನ ಥಿಯೇಟರಿಗೆ ಹೋದವರಲ್ಲಿ ಅರ್ಧ ಜನ ನಿದ್ದೆಗೇ ಹೋಗುತ್ತಾರೆ. ಇದು ಅವಳಿಗೆ ಗೊತ್ತಿರಬೇಕಾದ ಮಾತು. ಬೈಯಲು ಬಾಯಿ ತೆರೆದವಳು ಮುಚ್ಚಿದಳು. ಮುಕರ್ರಂ ಹೇಳಿದ್ದು ಮನೆಯವರಿಗೆ. ಕಣ್ಣಾರೆ ನೋಡಿದೆನೆಂದು ಊರಿಗೆ ಹೇಳಿದವಳು ತಾನು.

ಸಂಜೆ ಗದ್ದೆಮ್ಮ ಮನೆಗೆ ಬಂದಳು. ಪೋತ್ನಾಳದ ಆಶಾ ಕಾರ್ಯಕರ್ತೆ, ನಿಗಾರಳ ಹೆರಿಗೆಗೆ ಆಸ್ಪತ್ರೆಯಲ್ಲಿ ಜೊತೆಗಿದ್ದವಳು. ಭಾನುವಾರದ ಪೋಲಿಯೊ ಹನಿಗಾಗಿ ಮಾನ್ವಿಯಲ್ಲಿ ಮೀಟಿಂಗ್ ಮುಗಿಸಿ, ಶನಿವಾರ ಸಾರಬೇಕಾದ ಚೀಟಿ ಕೊಡಲು ಬಂದಿದ್ದಳು. ಕೊಟ್ಟ ನೀರು ಕುಡಿದಳು. ಚೀಟಿ ಮಾತ್ರ ಕೈಯಲ್ಲೇ ಉಳಿಯಿತು.

"ಬಸ್‌ಸ್ಟ್ಯಾಂಡಿನಾಗ ಮೆಣಸಿನಕಾಯಿ ಹೆಂಗಸರ ಟ್ರ್ಯಾಕ್ಟರ್ ಸಿಕ್ಕಿತ್ತು. ರವಿವಾರ ಕೂಸುಗಳಿಗೆ ಹನಿ ಹಾಕಿಸ್ರಿ ಅಂದೆ. ಆದೆಮ್ಮ ಏನಂದ್ಳು ಗೊತ್ತೈತೇನು?"

"ಹೇಳಕ್ಕಾ."

"ಯಾರ ಮಾತು ಕೇಳಿ ಹಾಕಿಸಬೇಕು, ಆ ಮೈಕಿನಾಕಿ ಮಾತಾ, ಅಂದ್ಳು. ಹೋದ ಸಲ ಆಕಿ ಹೇಳಿದ್ಳಂತ ಹಾಕಿಸಿದ್ವಿ, ಅದರಾಗ ಏನು ನೋಡಿದ್ಳೋ ಏನೋ, ಅಂದ್ಳು." ಗದ್ದೆಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಊರಾಗಿನವರದು ನನಗ ಚಿಂತಿಲ್ಲ ನಿಗಾರ್. ಬರಲಿಲ್ಲಂದ್ರ ಮನಿಗೆ ಹೋಗಿ ಬಾಗಿಲ ಬಡೀತೀನಿ. ಇವರು ನನ್ನ ಪಟ್ಟಿಯೊಳಗ ಇಲ್ಲ. ಇವತ್ತು ಈ ಹೊಲ, ಸೋಮವಾರ ಮತ್ತ್ಯಾವ ಹೊಲೋ. ಬಾಗಿಲ ಇಲ್ಲದವರ ಬಾಗಿಲ ಹ್ಯಾಂಗ ಬಡೀಲಿ? ಹನ್ನೊಂದು ಕೂಸು ಅದಾವ ಆ ಗುಡಿಸಲಿನಾಗ. ಈ ಸಲ ಬ್ಯಾರೆ ಯಾರದರೆ ದನಿ ರೆಕಾರ್ಡ್ ಹಾಕೋಣೇನು?"

ಬೇಸರದಿಂದಲ್ಲ, ಗೆಳತಿಯಾಗಿಯೇ ಕೇಳಿದಳು. ಅದಕ್ಕೇ ನಿಗಾರಳಿಗೆ ಅದು ನಾಟಿತು. ಸಿನಿಮಾದಿಂದ ಹೋದದ್ದು ಜನರ ಒಂದು ಮಧ್ಯಾಹ್ನ. ಆದರೆ ಆ ಹನ್ನೊಂದು ಕೂಸುಗಳ ತನಕ ಹೋಗಿ ಮುಟ್ಟುವುದು ಒಂದು ದನಿ ಮಾತ್ರ, ಆ ದನಿಯನ್ನು ಅವಳೇ ಕೆಡಿಸಿದ್ದಳು.

"ಚೀಟಿ ಕೊಡಕ್ಕಾ," ಎಂದಳು. "ನಾನ ಸಾರ್ತೀನಿ. ಮೊದಲ ನನ್ನ ತಪ್ಪು ಸಾರ್ತೀನಿ, ಆಮ್ಯಾಲ ನಿನ್ನ ಹನಿ."

ಕಟ್ಟೆಯ ಮೇಲೆ ಕೂತಿದ್ದ ಅಲ್ಲಾಬಕ್ಷ್ ಕೈಯೆತ್ತಿದರು. ಅವರು ಮಾತಾಡಬೇಕೆಂದರೆ ಹತ್ತಿರ ಹೋಗಬೇಕು. ನಿಗಾರ್ ಹೋಗಿ ಕಿವಿಗೊಟ್ಟಳು.

"ನಲವತ್ತು ವರ್ಷದಾಗ ಒಂದು ಮಾತೂ ನಾ ಹಿಂದಕ್ಕ ತಗೊಂಡಿಲ್ಲ," ಎಂದು ಪಿಸುಗುಟ್ಟಿದರು. "ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು. ಸುಮ್ಮನಿರು. ನಾಲ್ಕು ದಿನಕ್ಕ ಮಂದಿ ಮರೀತಾರ. ತಪ್ಪಾತು ಅಂತ ಬೀದ್ಯಾಗ ಒದರಿದ್ರ ಅದನ್ನ ಯಾರೂ ಮರೆಯಂಗಿಲ್ಲ. ಅಂಗಡಿಯವರು ನಿನ್ನ ಕರೆಯಂಗಿಲ್ಲ."

"ನೀವು ತಗೊಳ್ಳೋ ಪ್ರಸಂಗ ಬಂದಿಲ್ಲ ಅಬ್ಬಾ, ನೋಡೇ ಹೇಳ್ತಿದ್ರಿ. ಮುತ್ತು ನಾ ಒಡದೀನಿ. ಚೂರು ಓಣ್ಯಾಗ ಬಿಟ್ಟು ಬಂದ್ರ ಕೂಸುಗಳ ಕಾಲಿಗೇ ಚುಚ್ತಾವ. ನಾನ ಹೋಗಿ ಬಳೀಬೇಕು."

ಮುದುಕರು ಮುಖ ತಿರುಗಿಸಿ ಕುಳಿತರು. ಒಪ್ಪಲಿಲ್ಲ. ತಡೆಯಲೂ ಇಲ್ಲ.

ಶನಿವಾರ ಬೆಳಿಗ್ಗೆ ಹೊರಡುವ ಮೊದಲು ಅವಳು ತಿರುಪತಿಗೆ ಫೋನು ಮಾಡಿದಳು. ಬೆನ್ನ ಹಿಂದೆ ಮಾಡುವ ಕೆಲಸ ಅದಾಗಬಾರದು.

"ಅಣ್ಣಾ, ಇವತ್ತು ಪಿಚ್ಚರ್ ಬಗ್ಗೆ ಖರೇ ಹೇಳಾಕ ಹೊಂಟೀನಿ."

"ಖರೇ ಹೇಳಿದ್ರ ಯಾರು ಬರ್ತಾರವಾ?"

"ನೆರಳು ಬೇಕಾದವರು ಬರ್ತಾರ. ಫ್ಯಾನ್ ಚೊಲೊ ಅದಾವ ಅಂತ ಹೇಳ್ತೀನಿ."

"ನಗಬ್ಯಾಡ ನೀ. ಇವತ್ತು ಮೈಕಿನಾಗ ಆ ಮಾತು ಬಂದ್ರ, ಇನ್ನ ಮುಂದ ನಮ್ಮ ಥಿಯೇಟರಿನ ಕೆಲಸ ನಿನಗಿಲ್ಲ. ರಾಯಚೂರಿಂದ ರೆಕಾರ್ಡ್ ತರಿಸ್ತೀನಿ."

"ಆತಣ್ಣಾ. ತರಿಸ್ರಿ."

ಮುಷರ್ರಫ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಥಿಯೇಟರಿನ ಕೆಲಸ ಹೋಗುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು. ಬ್ಯಾಟರಿಯ ತಂತಿ ಬಿಗಿಮಾಡಿ, "ಯಾವ ಓಣಿಯಿಂದ ಹಿಡೀಲಿ?" ಎಂದು ಮಾತ್ರ ಕೇಳಿದ.

"ಬುಧವಾರ ಎಲ್ಲಿಂದ ಹಿಡದಿದ್ದಿ, ಅಲ್ಲಿಂದಾನ. ಒಂದೂ ಬಿಡಬ್ಯಾಡ."

ಮೊದಲ ಓಣಿಯಲ್ಲಿ ಅವಳ ದನಿ ಸ್ವಲ್ಪ ಒಣಗಿತ್ತು. ತಮನ್ನಾ ಮೈಕಿನ ಕಡೆ ಕೈಚಾಚಿತು, ಅದನ್ನು ಸರಿಸಿ ನೆಟ್ಟಗೆ ಕುಳಿತಳು.

"ಅಕ್ಕಗಳಿರಾ, ಅಣ್ಣಗಳಿರಾ, ನಾನು ಮಾನ್ವಿ ನಿಗಾರ್. ಮೊನ್ನಿ ಒಂದು ಪಿಚ್ಚರ್ ಕಣ್ಣಾರೆ ನೋಡೀನಿ ಅಂತ ಹೇಳಿದ್ದೆ. ನೋಡಿರಲಿಲ್ಲ. ಅದು ನನ್ನ ಸುಳ್ಳು. ನಿನ್ನಿ ನೋಡಿದೆ, ಈಗ ಹೇಳ್ತೀನಿ ಕೇಳ್ರಿ. ಹಾವಿನ ಕೂದಲಿನಾಕಿ ಅದಾಳ, ಕನಸಿನಾಗ ಅದಾಳ. ಒಕ್ಕಣ್ಣ ಅದಾನ, ಕಣ್ಣು ಪಿಳುಕಿಸೋದ್ರಾಗ ಹೋಗ್ತಾನ. ಆಮ್ಯಾಲ ಇಬ್ಬರು ನಡೀತಾರ. ಸಿಂಧನೂರಿಗೆ ಹೋಗಿ ಬರೋವಷ್ಟು ನಡೀತಾರ. ಹೊಡೆದಾಟ ಕತ್ತಲದಾಗ ಅದ, ಬ್ಯಾಟರಿ ಒಯ್ದವರಿಗೆ ಕಾಣತದ. ಫ್ಯಾನ್ ಚೊಲೊ ಅದಾವ."

ಬಾಗಿಲುಗಳಿಗೆ ಜನ ಬಂದರು. ಬಟ್ಟೆ ಒಗೆಯುತ್ತಿದ್ದವಳು ಒಗೆಯುವುದನ್ನು ಬಿಟ್ಟು ನಕ್ಕಳು. ಚಹಾದಂಗಡಿಯವನು, "ಇದನ್ನ ಬುಧವಾರನ ಹೇಳಿದ್ರ ನನ್ನ ಮಧ್ಯಾಹ್ನ ಉಳೀತಿತ್ತು," ಎಂದ. "ಹೌದಣ್ಣಾ, ನನ್ನ ತಪ್ಪು," ಎಂದಳು ಮೈಕಿನಲ್ಲೇ. ಒಬ್ಬಿಬ್ಬರು ಹೊಲಸು ಮಾತನ್ನೂ ಆಡಿದರು, ಅದನ್ನು ಕೇಳಿಸಿಕೊಂಡು ಮುಂದೆ ಹೋದಳು. ಬಾಗಲವಾಡದ ಹೊತ್ತಿಗೆ ದನಿ ತನ್ನ ಜಾಗಕ್ಕೆ ಬಂದಿತ್ತು. ಪ್ರತಿ ಓಣಿಯಲ್ಲೂ ತಪ್ಪು ಮೊದಲು, ಹನಿ ಆಮೇಲೆ.

ಪೋತ್ನಾಳದ ಹೊಲಕ್ಕೆ ಬಂದಾಗ ಬಿಸಿಲು ನೆತ್ತಿಯಲ್ಲಿತ್ತು. ಕಣದ ತುಂಬ ಮೆಣಸಿನಕಾಯಿ ಕೆಂಪಗೆ ಹರಡಿತ್ತು, ಗಾಳಿಯಲ್ಲೇ ಘಾಟು. ಹೆಂಗಸರು ಬಾಯಿಗೆ ಸೆರಗು ಕಟ್ಟಿಕೊಂಡು ಕಾಯಿ ಆರಿಸುತ್ತಿದ್ದರು. ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಗಳಲ್ಲಿ ಕೂಸುಗಳು ಮಲಗಿದ್ದವು. ಆದೆಮ್ಮ ಆಟೋ ನೋಡಿದಳು, ಮತ್ತೆ ತಲೆ ತಗ್ಗಿಸಿ ಕಾಯಿ ಆರಿಸತೊಡಗಿದಳು.

ನಿಗಾರ್ ಮೈಕು ಇಟ್ಟು ಕೆಳಗಿಳಿದಳು. ಮಲಗಿದ ಕೂಸುಗಳ ಮೇಲೆ ಲೌಡ್‌ಸ್ಪೀಕರ್ ಬಿಡುವುದು ಅವಳಿಗಾಗದು. ತಮನ್ನಾಳನ್ನು ಸೊಂಟಕ್ಕೇರಿಸಿಕೊಂಡು ಕಣದ ಅಂಚಿಗೆ ಹೋಗಿ ನಿಂತಳು.

"ಅಕ್ಕಾ, ನಿನ್ನಿ ನಿಮ್ಮ ಮುಂದ ಒಪ್ಪಿಕೊಂಡೀನಿ. ಇವತ್ತು ಮಾನ್ವಿಯಿಂದ ಇಲ್ಲಿತನಕ ಮೈಕಿನಾಗ ಒಪ್ಪಿಕೊಂಡು ಬಂದೀನಿ."

"ಕೇಳಿಸ್ತು," ಎಂದಳು ಆದೆಮ್ಮ. "ಹೊಲದತನಕ ಕೇಳಸ್ತದ ನಿನ್ನ ದನಿ. ನಮ್ಮ ಅರ್ಧಾ ದಿನದ ಕೆಲಸ ಹೋತು. ಹಾವಿನಾಕಿ ಏನಾದ್ಳು ಅಂತ ಮಕ್ಕಳು ಕೇಳಾಕತ್ತಾವ, ಏನ್ ಹೇಳೋದು?"

"ನಾ ಹೇಳ್ಲೇನು? ಪಿಚ್ಚರಿನಾಗಿಂದಲ್ಲ. ಖರೇ ಕತಿ ಓದೀನಿ."

ಯಾರೂ ಬೇಡವೆನ್ನಲಿಲ್ಲ. ನಿಗಾರ್ ನಿಂತಲ್ಲೇ ಹೇಳಿದಳು. ಆಕೆ ಮೊದಲು ಚೆಲುವೆಯಾಗಿದ್ದಳು, ದೇವರ ಗುಡಿಯಲ್ಲೇ ಒಬ್ಬ ದೇವರು ಅವಳನ್ನು ಕೆಡಿಸಿದ. ತಪ್ಪು ಮಾಡಿದವನಿಗೆ ಏನೂ ಆಗಲಿಲ್ಲ, ಇವಳ ಕೂದಲು ಹಾವಾಯಿತು. ಕೊಲ್ಲಲು ಹೋದವರೆಲ್ಲ ಕಲ್ಲಾದರು. ಕೊನೆಗೆ ಬಂದವನು ಅವಳನ್ನು ನೇರ ನೋಡಲಿಲ್ಲ. ಕನ್ನಡಿಯಂತೆ ಹೊಳೆಯುವ ಗುರಾಣಿಯಲ್ಲಿ ಅವಳ ಬಿಂಬ ನೋಡಿಕೊಂಡು, ಹಿಮ್ಮುಖವಾಗಿ ನಡೆದುಬಂದು, ಅವಳು ಮಲಗಿದ್ದಾಗ ಕತ್ತಿ ಬೀಸಿದ.

"ಮಲಗಿದಾಕಿನ್ನ ಕೊಂದನಾ," ಎಂದಳು ಒಬ್ಬ ಮುದುಕಿ. "ಇದೇನು ಗಂಡಸ್ತನ."

"ಗುಡ್ಯಾಗ ಕೆಡಿಸಿದಾಂವ ದೇವರಾಗೇ ಉಳದನಾ?" ಎಂದಳು ಇನ್ನೊಬ್ಬಳು.

"ಉಳದನಂತಬೇ. ಅಲ್ಲೂ ಹಂಗ ಅದ."

ಹೆಂಗಸರು ಸ್ವಲ್ಪ ಹೊತ್ತು ಅದನ್ನೇ ಮಾತಾಡಿದರು. ಆದೆಮ್ಮನ ಕೈ ಮಾತ್ರ ಕಾಯಿ ಆರಿಸುತ್ತಲೇ ಇತ್ತು.

"ಕತಿ ಚೊಲೊ ಹೇಳ್ತಿ ನೀ. ಮೊನ್ನಿನೂ ಚೊಲೊ ಹೇಳಿದ್ದಿ. ಚೊಲೊ ಹೇಳ್ತಾರಂತ ಕೂಸಿನ ಬಾಯಿ ತೆರಿಯಾಕ ಆಗತದೇನು?"

"ಬ್ಯಾಡಕ್ಕಾ, ನನ್ನ ಮಾತಿಗೆ ತೆರೀಬ್ಯಾಡ್ರಿ," ಎಂದಳು ನಿಗಾರ್. "ಈ ಹನಿ ನಾ ಹುಟ್ಟಿದಾಗಿಂದ ನೋಡೀನಿ. ನನಗ ಹಾಕ್ಯಾರ, ಈ ಮಗಳಿಗೆ ಹುಟ್ಟಿದ ದಿನದಿಂದ ಹಾಕಿಸೀನಿ. ನಾಳಿಗೆ ಮುಂಜಾನಿ ಎಂಟಕ್ಕ ಪೋತ್ನಾಳ ಬಸ್‌ಸ್ಟ್ಯಾಂಡಿನಾಗ ಮೊದಲನೇ ಹನಿ ಇದರ ಬಾಯಿಗೇ. ದಿನಾ ಪೂರ್ತಿ ಅಲ್ಲೇ ಕೂಡ್ತೀನಿ. ಬಂದು ನೋಡ್ರಿ. ನೋಡಿದ ಮ್ಯಾಲ ಮನಸ್ಸು ಬಂದ್ರ ಹಾಕಿಸ್ರಿ."

ಆದೆಮ್ಮ ತಮನ್ನಾಳನ್ನು ಒಮ್ಮೆ ನೋಡಿ, ಮತ್ತೆ ಕಾಯಿಗೆ ಕೈಹಾಕಿದಳು.

ಭಾನುವಾರ ಎಂಟಕ್ಕೆ ತಮನ್ನಾ ಬಾಯಿ ತೆರೆಯಿತು, ಹನಿ ಬಿತ್ತು, ಮುಖ ಕಿವುಚಿತು. ಗದ್ದೆಮ್ಮ ಅದರ ಎಡಗೈ ಕಿರುಬೆರಳಿಗೆ ಗುರುತಿನ ಮಸಿ ಹಚ್ಚಿದಳು. ಊರಿನ ತಾಯಂದಿರು ಒಬ್ಬೊಬ್ಬರಾಗಿ ಬಂದರು. "ಇವತ್ತು ಯಾರು ನಡೀತಾರವಾ?" ಎಂದು ಕೆಣಕಿ, ನಕ್ಕು, ಕೂಸಿಗೆ ಹನಿ ಹಾಕಿಸಿಕೊಂಡು ಹೋದರು. ಹತ್ತಾಯಿತು, ಹನ್ನೆರಡಾಯಿತು. ಮೆಣಸಿನಕಾಯಿ ಹೊಲದ ಕಡೆಯ ದಾರಿ ಬಿಸಿಲಲ್ಲಿ ಖಾಲಿ ಬಿದ್ದಿತ್ತು.

"ಆಟೋ ಒಯ್ದು ಕರಕೊಂಡು ಬರ್ಲೇನು?" ಎಂದ ಮುಷರ್ರಫ್.

"ಬ್ಯಾಡ. ನೋಡಾಕ ಬರ್ರಿ ಅಂದೀನಿ. ಅವರಾಗೇ ಬರಬೇಕು."

ಗದ್ದೆಮ್ಮ ಐಸಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮುಚ್ಚಿದಳು. ನಿಗಾರ್ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು, ನೊಣ ಬರದಂತೆ ಸೆರಗು ಬೀಸುತ್ತ ಕುಳಿತಳು. ಬರದಿದ್ದರೆ ಸೋಮವಾರ ಗದ್ದೆಮ್ಮನ ಜೊತೆ ಹೊಲಕ್ಕೇ ಹೋಗುವುದು, ಮತ್ತೆ ಬೈಸಿಕೊಳ್ಳುವುದು. ಅಷ್ಟನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದಳು.

ಎರಡು ಗಂಟೆಗೆ ಟ್ರ್ಯಾಕ್ಟರು ಬಂತು. ರಸ್ತೆಯಂಚಿಗೆ ನಿಂತಿತು. ಟ್ರೈಲರಿನ ತುಂಬ ಹೆಂಗಸರು, ಮಡಿಲಲ್ಲಿ ಕೂಸುಗಳು, ಯಾರೂ ಇಳಿಯಲಿಲ್ಲ. ಆದೆಮ್ಮ ಒಬ್ಬಳೇ ಇಳಿದು ನೆಟ್ಟಗೆ ನಿಗಾರಳ ಮುಂದೆ ಬಂದು ನಿಂತಳು. ಗದ್ದೆಮ್ಮ ಬಾಯಿ ತೆರೆಯಹೋದಳು, ನಿಗಾರ್ ಕಣ್ಣಲ್ಲೇ ಬೇಡವೆಂದಳು.

"ಎಲ್ಲಿ, ಕೈ ತೋರಿಸು," ಎಂದಳು ಆದೆಮ್ಮ.

ನಿಗಾರ್ ಮಲಗಿದ ಮಗಳ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಆದೆಮ್ಮ ಕುಕ್ಕರಗಾಲಲ್ಲಿ ಕುಳಿತು, ಆ ಪುಟ್ಟ ಕಿರುಬೆರಳನ್ನು ಎತ್ತಿ ಹಿಡಿದು ಮಸಿ ನೋಡಿದಳು. ಅಳಿಸುತ್ತದೋ ಎಂದು ತನ್ನ ಹೆಬ್ಬೆರಳಿಂದ ತಿಕ್ಕಿ ನೋಡಿದಳು. ಆಮೇಲೆ ಕೂಸಿನ ಹಣೆ ಮುಟ್ಟಿದಳು. ಎದೆಯ ಮೇಲೆ ಅಂಗೈ ಇಟ್ಟು, ಉಸಿರು ಏರಿ ಇಳಿಯುವುದನ್ನು ಒಂದು ನಿಮಿಷ ಹಾಗೆಯೇ ನೋಡಿದಳು.

"ಮುಂಜಾನಿ ಹಾಕಿದ್ದಾ?"

"ಎಂಟಕ್ಕ."

"ಉಂಡೈತಾ?"

"ಅನ್ನ ಸಾರು ಉಂಡು ಮಲಗೇದಕ್ಕಾ."

ಆದೆಮ್ಮ ಎದ್ದು ನಿಂತಳು. ಮೊಣಕಾಲಿನ ಧೂಳು ಕೊಡವಿಕೊಂಡು, ಟ್ರ್ಯಾಕ್ಟರಿನ ಕಡೆ ತಿರುಗಿ, ಯಾವ ಮೈಕೂ ಇಲ್ಲದೆ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು.

"ಇಳೀರಬೇ. ನಾ ನೋಡೀನಿ. ಸಣ್ಣವನ್ನ ಮೊದಲ ಇಳಸ್ರಿ, ಬಿಸಲಾಗ ಹಿಡಕೊಂಡು ಕೂಡಬ್ಯಾಡ್ರಿ."